ವಾಲಿಬಾಲ್ ಬಯಲು

ನಮ್ಮೂರ ಹೊಳೆಯಲ್ಲಿ, ಮಸೀದಿಯ ಕೆಳಗೆ, ಒಂದು ಮಡುವಿದೆ. ಅಲ್ಲಿಯ ಗಾರಿಂಗ್ ಮೀನನ್ನು ಹಿಡಿಯಬಾರದೆಂದು ಹಿರಿಯರು ಪ್ರಾರ್ಥನೆ ಓದಿ ಕಟ್ಟು ಹಾಕಿದ್ದಾರೆ. ಕದ್ದು ತಿಂದವರ ಹೊಟ್ಟೆ ಊದುತ್ತದೆಂದು ಸುಮಾತ್ರದ ಈ ಬೆಟ್ಟಸೀಮೆಯ ಮಕ್ಕಳಿಗೆಲ್ಲ ಗೊತ್ತು. ವರ್ಷಕ್ಕೊಮ್ಮೆ, ಈದ್ ಮುಗಿದ ಮೇಲೆ, ಕಟ್ಟು ಬಿಚ್ಚಿ ಊರೆಲ್ಲ ಸೇರಿ ಮೀನು ಹಿಡಿಯುತ್ತೇವೆ. ಮಾರಿ ಬಂದದ್ದು ಊರಿನ ಕೆಲಸಕ್ಕೆ. ಆ ವರ್ಷ ಅದರಿಂದ ಶಾಲೆ ಕಟ್ಟುವುದೆಂದು ತೀರ್ಮಾನವಾಯಿತು.

ಶಾಲೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದುದು ನನ್ನ ಅಕ್ಕ ಸಂಸಿದಾರಳಿಗೆ. ಅವಳ ಮೊಮ್ಮಗಳು ಲಿಸ್ನಾಳ ಎಡಪಾದ ಹುಟ್ಟಿನಿಂದಲೇ ತಿರುಚಿದೆ. ಇದ್ದ ಶಾಲೆ ತೂಗುಸೇತುವೆಯ ಆಚೆ. ಅಕ್ಕ ಅವಳನ್ನು ದಿನವೂ ಬೆನ್ನ ಮೇಲೆ ಹೊತ್ತು ದಾಟಿಸುತ್ತಿದ್ದಳು. ನಮ್ಮಲ್ಲಿ ನೆಲ ಹೆಂಗಸರದು. ನಾವಿಬ್ಬರೂ ಒಪ್ಪಿ, ತೋಟದಂಚಿನ ಸಮತಟ್ಟು ಜಾಗವನ್ನು ಶಾಲೆಗೆ ಬಿಟ್ಟುಕೊಟ್ಟೆವು.

ನಕ್ಷೆ ಬಂದಾಗ ನೋಡಿದೆ. ಆ ಜಾಗದ ನಡುವೆ ಹರಿಯುವ, ಪಾದ ಮುಳುಗುವಷ್ಟೇ ಆಳದ ತೊರೆಯನ್ನು ಕೊಳವೆಗೆ ಇಳಿಸಿ ಮೇಲೆ ಮಣ್ಣು ತುಂಬುವುದೆಂದಿತ್ತು. ಮಡುವಿನ ಮೀನು ಮೊಟ್ಟೆಯಿಡಲು ಹತ್ತಿ ಬರುವುದು ಆ ತೊರೆಗೇ. ದಂಡೆಯ ಬಿದಿರುಮೆಳೆಯಲ್ಲಿ ನೀರುನಾಯಿಗಳ ಸಂಸಾರವೂ ಇದೆ. ಮಡುವಿಗೆ ಕಟ್ಟು ಹಾಕಿದ ಹಿರಿಯರು ತೊರೆಯನ್ನು ನೆನೆದಿರಲಿಲ್ಲ.

ಸಭೆಯಲ್ಲಿ ಇದನ್ನು ಹೇಳಿದೆ. ವಾಲಿಬಾಲ್ ತಂಡದ ನಾಯಕ ಜುಲ್ಹೆಂದ್ರಿ ನನ್ನ ಹಳೆಯ ವಿದ್ಯಾರ್ಥಿ. "ಏನ್ ಟೀಚರಮ್ಮ, ಮೀನಿಗೂ ಒಂದನೇ ಕ್ಲಾಸಲ್ಲಿ ಸೀಟು ಬೇಕಾ?" ಎಂದ. ಎಲ್ಲರೂ ನಕ್ಕರು.

"ನೀನು ಎರಡೆರಡು ವರ್ಷ ಕೂತಿದ್ದ ಜಾಗ ಖಾಲಿ ಇದೆಯಲ್ಲಪ್ಪ, ಅಲ್ಲಿ ಕೂರಿಸೋಣ," ಎಂದೆ. ಆಗ ಅವನೂ ನಕ್ಕ.

ತೊರೆಯನ್ನು ಬಿಟ್ಟರೆ ಕಟ್ಟಡಕ್ಕೆ ಅಗಲ ಸಾಲದು. ಹಾಗಾದರೆ ಇಳಿಜಾರಿನ ಮೇಲೆ ಕಟ್ಟೋಣ ಎಂದರು ಯಾರೋ. ಅಲ್ಲಿಗೆ ಮೆಟ್ಟಿಲು ಹತ್ತಬೇಕು. ಅದು ಲಿಸ್ನಾಳಿಂದ ಆಗದ ಮಾತು. ಅಕ್ಕ ಮನೆಗೆ ಬಂದು ಬಾಳೆಹಣ್ಣು ಕರಿಯುತ್ತ, ನನ್ನ ಕಡೆ ತಿರುಗದೆ ಕೇಳಿದಳು.

"ನನ್ ಬೆನ್ನು ಇನ್ನೆಷ್ಟು ದಿನ ತಡೀತದೆ ಅಂದ್ಕೊಂಡಿದೀಯ? ಮೀನು ಬೇರೆ ನೀರು ಹುಡುಕ್ಕೊಳ್ತದೆ. ಇವಳು ಎಲ್ಲಿಗೆ ಹೋಗ್ಬೇಕು?"

ಅಷ್ಟು ಸಿಟ್ಟಿನಲ್ಲೂ ಬಿಸಿಬಿಸಿ ತಟ್ಟೆಯನ್ನು ಅವಳು ಮೊದಲು ಇಟ್ಟದ್ದು ನನ್ನ ಮುಂದೆ.

ಊರಲ್ಲಿ ಇನ್ನೊಂದು ಸಮತಟ್ಟು ಜಾಗವಿತ್ತು, ವಾಲಿಬಾಲ್ ಬಯಲು. ನೆಲ ಊರಿನದು, ಆದರೆ ಗುಡ್ಡ ಕಡಿದು ಅದನ್ನು ಮಟ್ಟ ಮಾಡಿದವರು ಹುಡುಗರು. ಬೆಳಗಿನಿಂದ ರಬ್ಬರ್ ತೋಟದಲ್ಲಿ ದುಡಿದು ಬರುವವರಿಗೆ ಸಂಜೆಯ ಆಟವೊಂದೇ ಸುಖ. ಯಾರೂ ಆ ಬಯಲಿನ ಹೆಸರೆತ್ತಲಿಲ್ಲ. ಎತ್ತಲು ನನಗೂ ಮನಸ್ಸಾಗಲಿಲ್ಲ. ಕೊನೆಗೆ ಮೊದಲಿನ ನಕ್ಷೆಯೇ ಉಳಿಯಿತು.

ಕೊಳವೆಯ ಅಳತೆಗೆ ಗೂಟ ಹೊಡೆಯುವ ದಿನ ಜುಲ್ಹೆಂದ್ರಿ ಹಗ್ಗ ಹಿಡಿದು ತೊರೆಗಿಳಿದ. ಲಿಸ್ನಾ ಎಂದಿನಂತೆ ಕಲ್ಲಿನ ಮೇಲೆ ಕೂತಿದ್ದಳು. ಬೇರೆ ಮಕ್ಕಳು ಓಡಿಯಾಡುವಾಗ ಅವಳು ಅಲ್ಲಿರುತ್ತಾಳೆ. ನಾನು ಅವನಿಗೆ ಕಾಫಿ ತಂದಿದ್ದೆ.

"ಅಣ್ಣಾ, ಕಾಲು ಸ್ವಲ್ಪ ಎತ್ತು," ಎಂದಳು ಲಿಸ್ನಾ.

"ಯಾಕೆ?"

"ಹೆಬ್ಬೆರಳ ಹತ್ರ ಮರಿ ಇದಾವೆ. ಅವಕ್ಕಿನ್ನೂ ಈಜೋಕೆ ಬರಲ್ಲ."

ಅವನು ಬಗ್ಗಿ ನೋಡಿದ. ಆಗಷ್ಟೇ ಮೊಟ್ಟೆಯೊಡೆದು ಬಂದ, ಅಕ್ಕಿಕಾಳಿನಂಥ ಮರಿಗಳು ಕಲ್ಲಿನ ಸಂದಿಯಲ್ಲಿ ಮಿಸುಕಾಡುತ್ತಿದ್ದವು. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಒಂಟಿಕಾಲಲ್ಲೇ ನಿಂತ. ತೋಳು ಚಾಚಿ ಓಲಾಡತೊಡಗಿದ. ಲಿಸ್ನಾ ನಗಲಿಲ್ಲ. ತನ್ನ ಊರುಗೋಲನ್ನು ಅವನತ್ತ ಚಾಚಿದಳು. ಅದನ್ನು ಹಿಡಿದು ಅವನು ದಂಡೆಗೆ ಹಾರಿದ. ಕಾಫಿ ಕುಡಿದು, ಲೋಟ ತೊಳೆದುಕೊಟ್ಟು ಹೋದ. ಗೂಟ ಹೊಡೆಯಲಿಲ್ಲ.

ಮರುದಿನ ಸಂಜೆ ಚೆಂಡಿನ ಸದ್ದು ಕೇಳಲಿಲ್ಲ. ಹೋಗಿ ನೋಡಿದರೆ ಹುಡುಗರು ನೆಟ್ ಸುತ್ತಿಟ್ಟು ಕಂಬ ಕೀಳುತ್ತಿದ್ದರು.

"ಇಲ್ಲಿಗಾದ್ರೆ ಮೆಟ್ಲಿಲ್ಲ, ಟೀಚರಮ್ಮ," ಎಂದ ಜುಲ್ಹೆಂದ್ರಿ, ನನ್ನ ಮುಖ ನೋಡದೆ. "ನಾವೂ ಹೇಗಿದ್ರೂ ಬರೀ ಸೋಲ್ತಿದ್ವಿ."

ಅಕ್ಕನಿಗೆ ಹೇಳಿದೆ. ಅವಳು ಒಲೆ ಹಚ್ಚಿ, ಬಾಣಲೆ ತುಂಬ ಬಾಳೆಹಣ್ಣು ಕರಿದು, ತಾನೇ ಬಯಲಿಗೆ ಹೊತ್ತುಕೊಂಡು ಹೋದಳು.

ಶಾಲೆ ಅಲ್ಲೇ ಎದ್ದಿತು. ಹಿರಿಯರು ಮತ್ತೆ ಪ್ರಾರ್ಥನೆ ಓದಿ ಕಟ್ಟನ್ನು ತೊರೆಯ ಹುಟ್ಟಿನವರೆಗೂ ಹಾಕಿದರು. ಹುಡುಗರು ಈಗ ಆಡುವುದು ನಮ್ಮ ತೋಟದಂಚಿನಲ್ಲಿ, ಬಿದಿರನ್ನು ನೀರುನಾಯಿಗಳಿಗೆ ಬಿಟ್ಟು, ಇಕ್ಕಟ್ಟಿನಲ್ಲಿ. ಚೆಂಡು ತೊರೆಗೆ ಬಿದ್ದರೆ ಯಾರೂ ಇಳಿಯುವುದಿಲ್ಲ. ಲಿಸ್ನಾ ಕಲ್ಲಿನ ಮೇಲಿಂದ ಊರುಗೋಲು ಚಾಚಿ ಅದನ್ನು ದಡಕ್ಕೆ ಎಳೆಯುವವರೆಗೆ ಕಾಯುತ್ತಾರೆ.

ಅಕ್ಕನಿಗೆ ಹಳೆಯ ಅಭ್ಯಾಸ ಹೋಗಿಲ್ಲ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೊಸಿಲ ಬಳಿ ಬೆನ್ನು ಬಗ್ಗಿಸಿ ಕೂರುತ್ತಾಳೆ. ಲಿಸ್ನಾ ಆ ಬೆನ್ನನ್ನೊಮ್ಮೆ ಸವರಿ, ಊರುಗೋಲೂರಿಕೊಂಡು ತಾನೇ ನಡೆದುಹೋಗುತ್ತಾಳೆ.