ಜಿಯಾವುಲ್ಲಾನ ಸಹಿ

ಶಿಡ್ಲಘಟ್ಟದ ಜಿಯಾವುಲ್ಲಾ ಮೂವತ್ತು ವರ್ಷ ಬಿಸಿನೀರಿನ ಬಾಣಲೆಯ ಮುಂದೆ ನಿಂತು ರೇಷ್ಮೆಗೂಡಿನಿಂದ ನೂಲು ತೆಗೆದವನು. ಈಗ ಹತ್ತು ನಿಮಿಷ ನಿಲ್ಲಲಾರ. ಎರಡು ವರ್ಷದ ಹಿಂದೆ ಪಕ್ಕದ ಶೆಡ್ಡಿನಲ್ಲಿ ನೂಲು ಕಳುವಾದಾಗ ಪೊಲೀಸರು ಅವನನ್ನು ಎಳೆದೊಯ್ದು ಮೂರು ದಿನ ಇಟ್ಟುಕೊಂಡರು. ಅಂಗಾಲಿಗೆ ಹೊಡೆದರು. ನಾಲ್ಕನೆಯ ದಿನ ನಿಜವಾದ ಕಳ್ಳ ಚಿಂತಾಮಣಿಯಲ್ಲಿ ಸಿಕ್ಕಿಬಿದ್ದ. ಹೊಡೆದಿದ್ದ ಹೆಡ್ ಕಾನ್‌ಸ್ಟೆಬಲ್ ಕೋನಪ್ಪನೇ ಟೀ ತರಿಸಿಕೊಟ್ಟು ಒಂದು ಹಾಳೆ ಮುಂದಿಟ್ಟ.

“ಸೈನ್ ಹಾಕ್ಬಿಟ್ಟು ಮನೆಗೆ ಹೋಗು ಭಾಯ್.”

ಕನ್ನಡಕ ಮನೆಯಲ್ಲಿತ್ತು. ಜಿಯಾವುಲ್ಲಾ ಓದದೆ ಸಹಿ ಹಾಕಿದ. ‘ಮೆಟ್ಟಿಲ ಮೇಲೆ ಜಾರಿಬಿದ್ದು ಪೆಟ್ಟಾಯಿತು, ಯಾರೂ ಹೊಡೆದಿಲ್ಲ’ ಎಂದು ಅದರಲ್ಲಿ ಬರೆದಿತ್ತೆಂದು ಗೊತ್ತಾದದ್ದು ಆಮೇಲೆ.

ಅವನು ಸುಮ್ಮನಾಗುತ್ತಿದ್ದನೋ ಏನೋ, ಮಗಳು ಜಬೀನ್ ಬಿಡಲಿಲ್ಲ. ಚಿಕ್ಕಬಳ್ಳಾಪುರದ ವಕೀಲೆ ಸಂಘಮಿತ್ರಳ ಬಳಿ ಕರೆದೊಯ್ದು ದೂರು ಹಾಕಿಸಿದಳು. ಪೊಲೀಸರ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಅನುಮತಿ ಬೇಕಿತ್ತು. ಅದು ಬರಲೇ ಇಲ್ಲ.

“ಚಿತ್ರಹಿಂಸೆ ಕೂಡದು ಅಂತ ಲೋಕದ ದೇಶಗಳೆಲ್ಲ ಸೇರಿ ಒಂದು ಒಪ್ಪಂದ ಮಾಡ್ಕೊಂಡಿವೆ,” ಎಂದಳು ಸಂಘಮಿತ್ರ. “ನಮ್ಮ ದೇಶ ತೊಂಬತ್ತೇಳರಲ್ಲೇ ಸಹಿ ಹಾಕಿದೆ.”

ಜಿಯಾವುಲ್ಲಾನ ಮುಖ ಅರಳಿತು. “ಸಹಿ ಹಾಕಿದ್ಮೇಲೆ ಮುಗೀತಲ್ಲ ಮೇಡಂ!”

“ಅಲ್ಲೇ ಇರೋದು ತೊಡಕು. ಸಹಿ ಅಂದ್ರೆ ಮನಸ್ಸಿದೆ ಅಂತ ಅಷ್ಟೇ. ಆಮೇಲೆ ಸರ್ಕಾರ ಅದನ್ನ ಅನುಮೋದಿಸ್ಬೇಕು, ಪಾರ್ಲಿಮೆಂಟು ಕಾನೂನು ಮಾಡ್ಬೇಕು. ಎರಡೂ ಆಗಿಲ್ಲ. ಆದ್ರೂ ಜಡ್ಜ್ ಮುಂದೆ ಇಟ್ಟು ನೋಡೋಣ.”

ನ್ಯಾಯಾಧೀಶರು ಅವಳ ವಾದವನ್ನು ತಾಳ್ಮೆಯಿಂದಲೇ ಕೇಳಿದರು. ಅನುಮೋದನೆಯಾಗದ, ಕಾನೂನಾಗದ ಒಪ್ಪಂದದ ಮೇಲೆ ತಾವು ಯಾರನ್ನೂ ವಿಚಾರಣೆಗೆ ಎಳೆಯಲಾಗದು ಎಂದರು. ನಂತರ ಠಾಣೆಯ ಹಾಳೆಯನ್ನು ಎತ್ತಿ ಹಿಡಿದರು.

“ಇದು ನಿಮ್ಮ ಸಹಿಯೇನ್ರೀ?”

“ನಂದೇ ಸ್ವಾಮಿ. ಆದ್ರೆ...”

“ಕೈ ಹಿಡಿದು ಹಾಕಿಸಿದರಾ?”

“ಇಲ್ಲ ಸ್ವಾಮಿ,” ಎಂದ ಜಿಯಾವುಲ್ಲಾ, ಸುಳ್ಳು ಹೇಳಲಾರದೆ. ಹೊಡೆಯುವಾಗ ಹಿಡಿದಿದ್ದುದು ಕಾಲನ್ನು. ಕೈಯನ್ನು ಯಾರೂ ಹಿಡಿದಿರಲಿಲ್ಲ. ದೂರು ವಜಾ ಆಯಿತು.

“ದೇಶ ಹಾಕಿದ ಸಹಿಗೆ ಇಪ್ಪತ್ತೆಂಟು ವರ್ಷ ಆದ್ರೂ ಜೀವ ಬರಲ್ಲ,” ಜಬೀನ್ ಹೊರಗೆ ಬಂದು ಸಿಡಿದಳು. “ನಮ್ಮಬ್ಬಾ ಕಣ್ಣು ಕಾಣದೆ ಹಾಕಿದ್ದು ಮಾತ್ರ ಅವತ್ತೇ ಕಾನೂನಾಗೋಯ್ತಾ?”

“ಹೈಕೋರ್ಟಿಗೆ ಹೋಗ್ಬಹುದು ಕಣಮ್ಮ. ಬದುಕೋ ಹಕ್ಕು ಅಂತ ನಮ್ಮ ಸಂವಿಧಾನದಲ್ಲೇ ಇದೆ.”

“ಎಷ್ಟು ವರ್ಷ ಮೇಡಂ?”

ಸಂಘಮಿತ್ರ ಫೈಲಿಗೆ ದಾರ ಕಟ್ಟತೊಡಗಿದಳು.

ಅಷ್ಟರಲ್ಲಿ ಕೋನಪ್ಪ ಕೋರ್ಟಿನೊಳಗಿಂದ ಬಂದ. ಮುಖದಲ್ಲಿ ಗೆದ್ದ ಹಮ್ಮೂ ಇಲ್ಲ, ಹಗೆಯೂ ಇಲ್ಲ. ಹಳೆಯ ಪರಿಚಯದವನಂತೆ ನಕ್ಕ.

“ಏನ್ ಭಾಯ್, ಕಾಲು ಹೆಂಗೈತೆ ಈಗ?”

ಜಿಯಾವುಲ್ಲಾನ ಬಲಗೈ ತಾನಾಗಿಯೇ ಮೇಲೆದ್ದು ಹಣೆ ಮುಟ್ಟಿತು. “ಪರ್ವಾಗಿಲ್ಲ ಸಾರ್. ನಿಮ್ಮ ದಯ.”

ಮಾತು ಬಾಯಿ ದಾಟಿದ ಮೇಲೆ ಅವನಿಗೆ ಅದು ಕೇಳಿಸಿತು. ಕೋನಪ್ಪ ಬೈಕು ಹತ್ತಿ ಹೋದ. ಜಬೀನ್ ತಂದೆಯನ್ನೇ ನೋಡುತ್ತಿದ್ದಳು. ಶಿಡ್ಲಘಟ್ಟ ಬರುವವರೆಗೂ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು.