‘ಕೆಲವರು’ ಹೇಳಿದ ಅರ್ಥ

ವ್ಯಾಕರಣದ ಗುರು ವೆಟ್ಟಿಯಸ್‌ಗೆ ಕಣ್ಣು ಮಂಜಾದ ಮೇಲೆ, ಕಾವ್ಯ ಓದಿ ಹೇಳುವುದೂ ಅವರ ಟಿಪ್ಪಣಿ ಬರೆದುಕೊಳ್ಳುವುದೂ ದಾಸಿ ಥಲ್ಲೂಸಳ ಕೆಲಸವಾಯಿತು. ರೋಮಿನ ಆ ಮನೆಯಲ್ಲಿ ಉಳಿದ ಆಳುಗಳು ಅವಳನ್ನು ‘ಪಂಡಿತಮ್ಮ’ ಎಂದು ಅಣಕಿಸಿ ದೂರವಿಟ್ಟಿದ್ದರು. ದಿನವೆಲ್ಲ ಅವಳ ಬಾಯಲ್ಲಿ ಬೇರೆಯವರ ಮಾತೇ.

ಅಂದು ಓದಿದ ಸಾಲಿನಲ್ಲಿ ವಿಧವೆಯೊಬ್ಬಳು ಕಡಲಿನಿಂದ ಕೊಡ ತುಂಬಿಕೊಂಡು ಮನೆಗೆ ನಡೆಯುತ್ತಾಳೆ.

“ಬರ್ಕೋ. ಸಾವಾದ ಮನೆಯ ಶುದ್ಧಿಗೆ ಸಮುದ್ರದ ನೀರು,” ಎಂದರು ಗುರುಗಳು.

ಮೇಣದ ಹಲಗೆಯ ಮೇಲೆ ಥಲ್ಲೂಸಳ ಬರೆಯುವ ಕಡ್ಡಿ ತಡೆಯಿತು. ಅವಳು ಕಡಲ ದಡದವಳು. ಒಂಬತ್ತನೇ ವಯಸ್ಸಿಗೆ ಮಾರಾಟವಾಗುವವರೆಗೂ ಅಮ್ಮನ ಹಿಂದೆ ಅಂಥದೇ ಕೊಡ ಹೊತ್ತಿದ್ದಳು.

“ಒಡೆಯಾ, ಅದು ಚಳಿಗಾಲಕ್ಕೆ ಆಲಿವ್ ಕಾಯಿ ನೆನೆಹಾಕಿಡೋಕೆ. ಉಪ್ಪು ಕೊಳ್ಳೋಕಾಗದೋರು ಹಂಗೇ ಮಾಡೋದು. ಗಂಡ ಸತ್ರೂ ಚಳಿಗಾಲ ಬರುತ್ತಲ್ಲ.”

“ಅಡುಗೆಮನೆ ಮಾತು!” ಗುರುಗಳು ನಕ್ಕರು. “ಯಾರು ಹೇಳಿದ್ದು ಅಂತ ಬರೆಸ್ಲಿ? ನಮ್ಮನೆ ದಾಸಿ ಅಂತಲಾ? ಹೋಗ್ಲಿ, ‘ಕೆಲವರು ಹೀಗೂ ಹೇಳುತ್ತಾರೆ, ಅದು ತಪ್ಪು’ ಅಂತ ಸೇರಿಸು.”

ಹೆಸರು ಹೇಳಲು ಮನಸ್ಸಿಲ್ಲದವರನ್ನೆಲ್ಲ ಟಿಪ್ಪಣಿಕಾರರು ‘ಕೆಲವರು’ ಎಂದು ಬರೆದು ಮುಗಿಸುತ್ತಿದ್ದರು. ಥಲ್ಲೂಸ ಬರೆದಳು. ಇದು ಇವಳು ಹೇಳಿದ್ದು ಎಂದು ಒಬ್ಬರ ಮುಂದಾದರೂ ಗುರುಗಳು ಹೇಳಿದರೆ ಅವಳಿಗೆ ಸಾಕಿತ್ತು.

ಮಧ್ಯಾಹ್ನ ಹಳೆಯ ಶಿಷ್ಯ ಸ್ಪುರಿನ್ನ ಬಂದ. ಈಗ ಅವನದೇ ಪಾಠಶಾಲೆಯಿತ್ತು. ಥಲ್ಲೂಸ ಬೆಳಗಿನ ಟಿಪ್ಪಣಿ ಓದಿದಳು.

“ಆಲಿವ್‌ಗೆ!” ಸ್ಪುರಿನ್ನ ತೊಡೆ ತಟ್ಟಿದ. “ಗುರುಗಳೇ, ಇದೇ ಸರಿ. ಹಸಿವು ಕಂಡೋರೇ ಹೇಳ್ಬೇಕು ಇದನ್ನ. ಯಾರು ಈ ‘ಕೆಲವರು’?”

ಥಲ್ಲೂಸ ಹಲಗೆಯಿಂದ ತಲೆಯೆತ್ತಿದಳು. ಗುರುಗಳ ಮಂಜುಗಣ್ಣು ಅವಳ ದನಿ ಬಂದ ಕಡೆಗೇ ತಿರುಗಿತು; ಹಾಗೇ ನಿಂತಿತು.

“ಹಳಬರು,” ಎಂದರು ಕೊನೆಗೆ. “ಅವರ ಪುಸ್ತಕ ಈಗೆಲ್ಲೂ ಸಿಗಲ್ಲ.”

“ಪಾಪ, ಸತ್ತು ಎಷ್ಟು ಕಾಲವಾಯ್ತೋ,” ಎಂದು ಸ್ಪುರಿನ್ನ ನಿಟ್ಟುಸಿರಿಟ್ಟ.

ಅವನು ಹೋದ ಮೇಲೆ ಗುರುಗಳು ಕೆಮ್ಮಿದರು. “‘ಅದು ತಪ್ಪು’ ಅನ್ನೋದನ್ನ ಅಳಿಸಿಬಿಡೇ.”

“‘ಕೆಲವರು’ ಅನ್ನೋದು, ಒಡೆಯಾ?”

“ಅದಿರಲಿ.”

ಥಲ್ಲೂಸ ಕಡ್ಡಿಯ ಚಪ್ಪಟೆ ತುದಿಯಿಂದ ಮೇಣವನ್ನು ಸವರಿದಳು. ಎರಡು ಪದಗಳಷ್ಟು ಜಾಗ ನುಣ್ಣಗಾಯಿತು.

“ಮುಂದಿನ ಸಾಲು ಓದು,” ಎಂದರು ಗುರುಗಳು.

ಅವಳು ಹಲಗೆ ಕೆಳಗಿಟ್ಟು ಕಾವ್ಯದ ಸುರುಳಿ ಕೈಗೆತ್ತಿಕೊಂಡಳು. ಆಮೇಲೆ ಓದಿದಳು.