ಹನ್ನೊಂದನೆಯ ಸಾಲು

ದೊಡ್ಡಪ್ಪ ಹನ್ನೊಂದನೆಯ ಸಾಲಿನ ಮೇಲೆ ಬೆರಳಿಟ್ಟು ಕೂತು ಆಗಲೇ ಕಾಲು ಗಂಟೆಯಾಗಿತ್ತು. ಬಾಡಿಗೆ ನೆರವಿನ ಅರ್ಜಿಯ ಉಳಿದ ಸಾಲುಗಳನ್ನೆಲ್ಲ ಅವರ ತಮ್ಮನ ಮಗಳೇ ಭರ್ತಿ ಮಾಡಿದ್ದಳು: ಹೆಸರು, ವಯಸ್ಸು, ವಿಳಾಸ, ಬಾಡಿಗೆ ಎಷ್ಟು, ವೃದ್ಧಾಪ್ಯ ವೇತನ ಎಷ್ಟು. ಮನೆ ಮಾಲೀಕನ ಸಹಿಗಾಗಿ ಮೂರು ಸಲ ಅಲೆದಿದ್ದಳು. ಈಗ ಬಾಕಿಯಿದ್ದದ್ದು ಈ ಮುದುಕರ ಸಹಿ ಒಂದೇ. ಅವರೋ ಪೆನ್ನಿನ ಮುಚ್ಚಳವನ್ನೂ ತೆಗೆದಿರಲಿಲ್ಲ.

“ಇದರಲ್ಲಿ ಒಂದು ಸುಳ್ಳಿದೆ,” ಅಂದರು.

“ಎಲ್ಲಿ?”

“ಇಲ್ಲಿ. ‘ನನ್ನನ್ನು ನೋಡಿಕೊಳ್ಳಲು ನನಗೆ ಯಾರೂ ಇಲ್ಲ.’ ಹಾಗಾದ್ರೆ ನೀನು ಯಾರು?”

“ಅದು ಅಚ್ಚು ಹಾಕಿಸಿರೋ ಸಾಲು, ದೊಡ್ಡಪ್ಪ. ಎಲ್ಲರ ಅರ್ಜೀಲೂ ಇರುತ್ತೆ. ಯಾರೂ ಅದನ್ನ ಓದೋದೇ ಇಲ್ಲ.”

“ನಾನು ಓದ್ತೀನಿ.”

ಓದದೆ ಏನು ಮಾಡಿಯಾರು, ಆ ಸಾಲು ಅವರದೇ. ಮೂವತ್ತನಾಲ್ಕು ವರ್ಷ ದೊಡ್ಡಪ್ಪ, ಈ ಅರ್ಜಿ ಕೊಡಬೇಕಾದ ಅದೇ ಕಚೇರಿಯ ಮೆಟ್ಟಿಲ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತವರು. ಬೇರೆಯವರ ಕಷ್ಟವನ್ನು ಒಂದು ಪುಟಕ್ಕೆ ಇಳಿಸುವುದು ಅವರ ಕಸುಬು. ಬಂದವರು ಅಳುತ್ತಾ ಊರೆಲ್ಲ ಸುತ್ತಿ ಹೇಳುತ್ತಿದ್ದರು. ಇವರು ಕೇಳಿ ಮುಗಿಸಿ, ಬೇಡದ್ದನ್ನೆಲ್ಲ ಬಿಟ್ಟು, ಬೇಕಾದ್ದನ್ನಷ್ಟೇ ಬಡಿಯುತ್ತಿದ್ದರು. ಒಮ್ಮೆ ಗಂಡನನ್ನೂ ಮಗನನ್ನೂ ಕಳೆದುಕೊಂಡ ಹೆಂಗಸೊಬ್ಬಳು ಬಂದಳು. ಅವಳ ಅರ್ಜಿ ಎರಡು ಸಲ ತಿರಸ್ಕೃತವಾಗಿತ್ತು. ದೊಡ್ಡಪ್ಪ ಅವಳ ನಾಲ್ಕು ಪುಟದ ಗೋಳನ್ನು ಪಕ್ಕಕ್ಕಿಟ್ಟು ಈ ಒಂದು ವಾಕ್ಯ ಟೈಪ್ ಮಾಡಿಕೊಟ್ಟರು. ವಾರದಲ್ಲಿ ಮಂಜೂರಾಯಿತು. ಸುದ್ದಿ ಹಬ್ಬಿ, ಮೆಟ್ಟಿಲ ಕೆಳಗಿನ ಉಳಿದ ಟೈಪಿಸ್ಟುಗಳೂ ನಾಚಿಕೆಯಿಲ್ಲದೆ ಅದನ್ನೇ ಬಡಿಯತೊಡಗಿದರು. ಕೊನೆಗೆ ಕಚೇರಿಯವರೇ ಅರ್ಜಿ ಅಚ್ಚು ಹಾಕಿಸಿದಾಗ ಅದು ಒಂದಕ್ಷರ ಬದಲಾಗದೆ ಹನ್ನೊಂದನೆಯ ಸಾಲಾಗಿ ಕೂತಿತು. ಆ ದಿನ ದೊಡ್ಡಪ್ಪ ಅರ್ಜಿಯ ಪ್ರತಿಯೊಂದನ್ನು ಮನೆಗೆ ತಂದು, ಕವಿತೆ ಅಚ್ಚಾದವರ ಹಾಗೆ ಎಲ್ಲರಿಗೂ ತೋರಿಸಿದ್ದರು. ಆಗ ಅವಳು ಒಂಬತ್ತನೇ ತರಗತಿ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಅವಳ ಶಾಲೆಯ ಫೀಸು ಕಟ್ಟುತ್ತಿದ್ದವರು ಇದೇ ದೊಡ್ಡಪ್ಪ. ಅವರು ಮದುವೆಯಾಗಲಿಲ್ಲ. ಕೇಳಿದರೆ, ಬೇರೆಯವರ ಸಂಸಾರ ಟೈಪ್ ಮಾಡಿ ಮಾಡಿಯೇ ಸಾಕಾಯಿತು ಅನ್ನುತ್ತಿದ್ದರು.

“ನಾನು ಆ ವಾಕ್ಯ ಬರೆದದ್ದು ನಿಜವಾಗಿ ಯಾರೂ ಇಲ್ಲದೋಳಿಗೆ,” ಅಂದರು ದೊಡ್ಡಪ್ಪ. “ದಿನಾ ಊಟ ತಂದು ಇಕ್ಕೋಳನ್ನ ಎದುರಿಗೆ ಕೂರಿಸ್ಕೊಂಡು ಇದರ ಕೆಳಗೆ ಸಹಿ ಹಾಕಲಾ? ನನ್ನ ಕೈಲಾಗಲ್ಲ ಮಗು.”

ಅವಳಿಗೆ ನಲವತ್ತೊಂದು. ಮಗು ಅಂತ ಕರೆಯುವವರು ಲೋಕದಲ್ಲಿ ಇವರೊಬ್ಬರೇ ಉಳಿದಿದ್ದರು.

ದೊಡ್ಡಪ್ಪನ ಮನೆಯೆಂದರೆ ಮಹಡಿಯ ಮೇಲೆ ಒಂದು ಕೋಣೆ, ಮೂಲೆಯಲ್ಲಿ ಒಲೆ. ಎರಡು ವರ್ಷದಲ್ಲಿ ಎರಡು ಸಲ ಬಾಡಿಗೆ ಏರಿತ್ತು. ವೃದ್ಧಾಪ್ಯ ವೇತನ ಅದರ ಅರ್ಧಕ್ಕೂ ಸಾಲುತ್ತಿರಲಿಲ್ಲ. ಉಳಿದದ್ದನ್ನು ಅವಳು ಕೊಡುತ್ತಿದ್ದಳು. ತನ್ನ ಮನೆಗೆ ಕರೆದುಕೊಂಡು ಹೋಗೋಣವೆಂದರೆ ಅಲ್ಲಿರುವುದೇ ಎರಡು ಕೋಣೆ. ಒಂದರಲ್ಲಿ ಹಾಸಿಗೆ ಹಿಡಿದ ಅತ್ತೆ, ಇನ್ನೊಂದರಲ್ಲಿ ಗಂಡ, ಇಬ್ಬರು ಹೆಣ್ಣುಮಕ್ಕಳು, ಅವಳು. ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ಸೇರಿ ಬೀರುವನ್ನು ಅತ್ತ ಸರಿಸಿ, ಇತ್ತ ಸರಿಸಿ ನೋಡಿದ್ದರು. ಒಂದು ಮಂಚ ಹಿಡಿಸುವ ಜಾಗ ಎಲ್ಲೂ ಹುಟ್ಟಲಿಲ್ಲ. ಈಗ ಮಾಲೀಕ ಮೂರನೆಯ ಸಲ ಏರಿಸಿದ್ದ. ಮುಂದಿನ ತಿಂಗಳಿಂದ ಹೊಸ ಬಾಡಿಗೆ ಕೊಡಬೇಕು, ಇಲ್ಲವೇ ಖಾಲಿ ಮಾಡಬೇಕು. ಬಾಡಿಗೆ ನೆರವಿನ ಅರ್ಜಿ ಸಲ್ಲಿಸಲು ಶುಕ್ರವಾರ ಕಡೆಯ ದಿನ.

ಕಚೇರಿಯಲ್ಲಿ ಅವಳು ಮೊದಲೇ ವಿಚಾರಿಸಿ ಬಂದಿದ್ದಳು. ಕಿಟಕಿಯಲ್ಲಿದ್ದಾಕೆ ತಲೆಯೆತ್ತದೆ ಹೇಳಿದ್ದಳು: “ಕೊಡೋರು ಇದ್ರೆ ಅವರ ಹತ್ರನೇ ಇಸ್ಕೊಳ್ಳಿ. ಯಾರೂ ಇಲ್ಲದೋರಿಗೆ ಅಂತ ಇರೋದು ಇದು.”

ದೊಡ್ಡಪ್ಪ ಎದ್ದು ಹೋಗಿ ದಿಂಬಿನ ಕೆಳಗಿನಿಂದ ಒಂದು ಹಾಳೆ ತಂದರು. ಹಳೆಯ ಟೈಪ್‌ರೈಟರಿನಲ್ಲಿ, ಮಸುಕಾದ ರಿಬ್ಬನ್ನಿನಲ್ಲಿ, ತಾವೇ ಬಡಿದದ್ದು. ‘ನನಗೆ ತಮ್ಮನ ಮಗಳೊಬ್ಬಳು ಇದ್ದಾಳೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ನನಗೆ ಊಟ ತರುವವಳು ಅವಳೇ, ಬಾಡಿಗೆ ಕೊಡುವವಳೂ ಅವಳೇ. ಅವಳ ಕೈಯಿಂದ ಇನ್ನು ತೆಗೆದುಕೊಳ್ಳಲಾರೆ. ಆದ್ದರಿಂದ ಈ ಅರ್ಜಿ.’

“ಇದನ್ನ ಕೊಡೋಣ,” ಅಂದರು.

“ಕೊಟ್ರೆ ಕಿಟಕಿಯಿಂದಲೇ ಆಚೆ ಎಸೀತಾರೆ.”

“ಎಸೀಲಿ. ನಿಜ ಬರೆದಿದ್ದಕ್ಕೆ ಎಸೆದ್ರು ಅಂತಾದರೂ ಆಗಲಿ.”

“ನಿಮ್ಮ ನಿಜಕ್ಕೆ ಬಾಡಿಗೆ ಯಾರು ಕಟ್ತಾರೆ ದೊಡ್ಡಪ್ಪ?”

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಕಸಿವಿಸಿಯಾಯಿತು. ಕಟ್ಟುತ್ತಿದ್ದವಳು ತಾನೇ. ದೊಡ್ಡಪ್ಪ ಹಾಳೆಯನ್ನು ಅರ್ಜಿಯ ಪಕ್ಕದಲ್ಲಿ ಇಟ್ಟರು.

“ಶುಕ್ರವಾರ ಹೋಗೋಣ,” ಅಂದರು. “ನಿನ್ನ ಹಾಳೇನೂ ತಗೋ, ನನ್ನ ಹಾಳೇನೂ ಇರಲಿ. ಆಕೆ ಹತ್ರ ನಾನೇ ಮಾತಾಡ್ತೀನಿ.”

ಮಾತಾಡಿ ಕೆಡಿಸುತ್ತಾರೆ ಅಂತ ಅವಳಿಗೆ ಖಾತ್ರಿಯಾಗಿತ್ತು. ಆದರೂ ಎರಡನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡಳು.

ಶುಕ್ರವಾರ ಅವಳು ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಕಚೇರಿ ಸುಣ್ಣ ಬಳಿಸಿಕೊಂಡು ಹೊಸದರಂತೆ ನಿಂತಿತ್ತು. ಮೆಟ್ಟಿಲ ಕೆಳಗೆ ದೊಡ್ಡಪ್ಪ ಕೂರುತ್ತಿದ್ದಲ್ಲಿ ಜೆರಾಕ್ಸ್ ಯಂತ್ರವೊಂದು ಕೂತಿತ್ತು. ದೊಡ್ಡಪ್ಪ ಅದರತ್ತ ಒಮ್ಮೆ ನೋಡಿ, “ನನಗಿಂತ ಬೇಗ ಬಡಿಯುತ್ತೆ, ಆದ್ರೆ ಕಷ್ಟ ಕೇಳಲ್ಲ,” ಅಂದರು. ಟೋಕನ್ ಅರವತ್ತಮೂರು. ಕಿಟಕಿಯಲ್ಲಿ ಇನ್ನೂ ಮೂವತ್ತೆಂಟು ನಡೆಯುತ್ತಿತ್ತು. ಸಾಲಾಗಿ ನೆಲಕ್ಕೆ ಬಿಗಿದ ಕಬ್ಬಿಣದ ಕುರ್ಚಿಗಳಲ್ಲಿ ಇಬ್ಬರೂ ಕೂತರು. ಸುತ್ತ ಎಲ್ಲರೂ ಮುದುಕರು, ಎಲ್ಲರ ತೊಡೆಯ ಮೇಲೂ ಅಂಥದೇ ಒಂದು ಕವರು.

ಅವಳು ನಿದ್ದೆ ತಡೆದುಕೊಳ್ಳಲು ನೋಡಿದಳು. ಎರಡು ಸಲ ತೂಕಡಿಸಿ ಎಚ್ಚರಾದಳು. ಮೂರನೆಯ ಸಲ ತಲೆ ದೊಡ್ಡಪ್ಪನ ಹೆಗಲ ಮೇಲೆ ಬಿತ್ತು, ಅಲ್ಲೇ ಉಳಿಯಿತು.

ದೊಡ್ಡಪ್ಪ ಅಲುಗಾಡಲಿಲ್ಲ. ಅವಳ ತೊಡೆಯ ಮೇಲಿನ ಕವರು ಜಾರುತ್ತಿತ್ತು. ಅದನ್ನು ಹಿಡಿಯಲು ಕೈ ಚಾಚಿದಾಗ ಅವಳ ರವಿಕೆಯ ಉದ್ದ ತೋಳು ಮೇಲಕ್ಕೆ ಸರಿದಿರುವುದು ಕಂಡಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗೆರೆಗಳು. ಕೆಲವು ಹಳೆಯವು, ಕಪ್ಪಗೆ ಒಣಗಿದ್ದವು. ಒಂದು ನಿನ್ನೆಯದು, ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು. ಇನ್ನೊಂದು ಕೈಯನ್ನೂ ನೋಡಿದರು. ಅಲ್ಲೂ ಅದೇ.

ಲಾಂಡ್ರಿಯಲ್ಲಿ ಅವಳದು ಹೊದಿಕೆ ಮಡಿಸುವ ಮೇಜು. ಅವಳು ಹಾಗೆಂದೇ ಹೇಳುತ್ತಿದ್ದಳು, ಹೋದ ವಾರವೂ ಹೇಳಿದ್ದಳು. ಮಡಿಸುವ ಮೇಜಿನಲ್ಲಿ ಯಾರೂ ಕೈ ಸುಟ್ಟುಕೊಳ್ಳುವುದಿಲ್ಲ. ಹಬೆಯ ಇಸ್ತ್ರಿ ಯಂತ್ರಕ್ಕೆ ನಿಂತವರಿಗೆ ಹೆಚ್ಚು ಕೂಲಿ, ರಾತ್ರಿ ನಿಂತವರಿಗೆ ಇನ್ನೂ ಸ್ವಲ್ಪ ಹೆಚ್ಚು. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜನ ಹೇಳದೆ ಉಳಿಸಿಕೊಂಡದ್ದನ್ನು ಊಹಿಸಿಯೇ ಮೂವತ್ತನಾಲ್ಕು ವರ್ಷ ಅನ್ನ ತಿಂದವರು ಅವರು. ಈ ಸುಟ್ಟ ಗೆರೆಗಳಲ್ಲಿ ತಮ್ಮ ಎರಡು ವರ್ಷದ ಬಾಡಿಗೆ ಇತ್ತು. ಅವರು ರವಿಕೆಯ ತೋಳನ್ನು ಮೆಲ್ಲಗೆ ಕೆಳಗೆ ಎಳೆದು, ಮೊದಲು ಇದ್ದಂತೆಯೇ ಮಾಡಿದರು.

ಅವಳಿಗೆ ಎಚ್ಚರವಾದದ್ದು ಕುತ್ತಿಗೆ ನೋವಿಗೆ. ತಲೆ ಗೋಡೆಗೆ ಒರಗಿತ್ತು, ಪಕ್ಕದಲ್ಲಿ ದೊಡ್ಡಪ್ಪನ ಹೆಗಲಿರಲಿಲ್ಲ. ಕಣ್ಣು ತೆರೆಯುವ ಮೊದಲೇ ಕಿಟಕಿಯ ಕಡೆಯಿಂದ ದೊಡ್ಡಪ್ಪನ ದನಿ ಕೇಳಿಸಿತು. ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಕಿಟಕಿಯಾಕೆಯೂ ಅವರಿಗೆ ಸರಿಯಾಗಿ ದನಿ ಏರಿಸಿದ್ದಳು.

“ಮಕ್ಕಳು?”

“ಮದುವೆನೇ ಆಗಿಲ್ಲ.”

“ಅಣ್ಣ ತಮ್ಮ ಯಾರಾದರೂ?”

“ಒಬ್ಬ ತಮ್ಮ ಇದ್ದ. ತೀರಿಕೊಂಡ.”

“ಅವರಿಗೆ ಮಕ್ಕಳು?”

ಈಗ ಆ ಟೈಪ್ ಮಾಡಿದ ಹಾಳೆ ತೆಗೆಯುತ್ತಾರೆ, ಈಗ ಎಲ್ಲ ಮುಗಿಯಿತು, ಅಂದುಕೊಂಡಳು. ಎದ್ದು ಓಡಬೇಕೆನಿಸಿತು, ಎದ್ದರೂ ಕೆಡುತ್ತದೆ.

“ಇಲ್ಲ,” ಅಂದರು ದೊಡ್ಡಪ್ಪ.

“ಅಲ್ಲಿ ನಿದ್ದೆ ಮಾಡ್ತಾ ಇದಾರಲ್ಲ, ಅವರು ನಿಮ್ಮ ಜೊತೆ ಬಂದೋರಲ್ವಾ? ನಿಮ್ಮ ಹೆಗಲಿಗೆ ಒರಗಿದ್ರು.”

“ಯಾರೋ ಗೊತ್ತಿಲ್ಲಮ್ಮ. ಪಾಪ, ಸುಸ್ತಾಗಿರಬೇಕು, ಒರಗಿದ್ರು. ಎಬ್ಬಿಸೋಕೆ ಮನಸ್ಸು ಬರಲಿಲ್ಲ.”

“ಹಾಗಾದ್ರೆ ಹನ್ನೊಂದನೇ ಸಾಲು ಓದಿ ಕೆಳಗೆ ಸಹಿ ಹಾಕಿ, ಅಜ್ಜ.”

“ಓದಿದೀನಿ,” ಅಂದರು. “ಬಾಯಿಪಾಠ ಇದೆ.”

ಅವಳು ಕಣ್ಣು ತೆರೆಯಲಿಲ್ಲ. ಮೊನ್ನೆಯಿಂದ ಅವಳು ಬಯಸಿದ್ದು ಇದನ್ನೇ. ಈಗ ಅವರು ಹೇಳಿಬಿಟ್ಟಾಗ, ಅಪ್ಪ ಎರಡನೆಯ ಸಲ ಸತ್ತಂತೆ ಸಂಕಟವಾಯಿತು. ಸಿಟ್ಟೂ ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯದಂತೆ ತಡೆಯುವುದೇ ಒಂದು ಕೆಲಸವಾಯಿತು; ನಿದ್ದೆಯಲ್ಲಿರುವ ಅಪರಿಚಿತಳು ಅಳುವ ಹಾಗಿಲ್ಲ. ಮೊಹರು ಬಿದ್ದ ಸದ್ದು ಕೇಳಿಸಿತು. ಮುಂದಿನ ತಿಂಗಳಿಂದ ಹಣ ನೇರವಾಗಿ ಮಾಲೀಕರ ಖಾತೆಗೆ ಹೋಗುತ್ತದೆ ಅಂತ ಕಿಟಕಿಯಾಕೆ ಹೇಳಿದಳು. ಪರವಾಗಿಲ್ಲ, ಒಳ್ಳೆಯ ದನಿಯಲ್ಲೇ ಹೇಳಿದಳು.

ದೊಡ್ಡಪ್ಪನ ಚಪ್ಪಲಿ ನೆಲಕ್ಕೆ ಉಜ್ಜುತ್ತಾ ಹತ್ತಿರ ಬಂತು. ಅವಳ ಎದುರು ನಿಲ್ಲಲಿಲ್ಲ, ನಿಧಾನಿಸಲೂ ಇಲ್ಲ. ಹಾಗೇ ಬಾಗಿಲ ಕಡೆ ಹೋಯಿತು.

ಅರವತ್ತನಾಲ್ಕು, ಅರವತ್ತೈದು ಕೂಗಿದ ಮೇಲೆ ಅವಳು ಆಗಷ್ಟೇ ಎಚ್ಚರಾದವಳಂತೆ ಕಣ್ಣು ತೆರೆದಳು. ಪಕ್ಕದ ಸಾಲಿನ ಅಜ್ಜಿಯನ್ನು ಗಂಟೆ ಎಷ್ಟಾಯಿತು ಅಂತ ಕೇಳಿದಳು. ಕವರಿನಲ್ಲಿ ಟೈಪ್ ಮಾಡಿದ ಹಾಳೆ ಮಾತ್ರ ಉಳಿದಿತ್ತು. ಅದನ್ನು ಮಡಿಸಿ ರವಿಕೆಯೊಳಗೆ ಸಿಕ್ಕಿಸಿಕೊಂಡು, ಯಾವ ಆತುರವೂ ಇಲ್ಲದವಳಂತೆ ಹೊರಗೆ ಬಂದಳು.

ಮೆಟ್ಟಿಲ ಮೇಲೆ ದೊಡ್ಡಪ್ಪ ಇರಲಿಲ್ಲ. ಗೇಟಿನ ಹತ್ತಿರವೂ ಇರಲಿಲ್ಲ. ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತು, ಎದುರಿನ ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಕೂಗಬೇಕೆಂದರೆ ಕಚೇರಿಯ ಕಿಟಕಿಗಳೆಲ್ಲ ಈ ಕಡೆಗೇ ತೆರೆದಿದ್ದವು. ಕಾಂಪೌಂಡ್ ಗೋಡೆಯ ಉದ್ದಕ್ಕೂ ದಾರಿಹೋಕಳಂತೆ ನಡೆದಳು.

ಗೋಡೆ ಮುಗಿದು ರಸ್ತೆ ತಿರುಗುವಲ್ಲಿ, ಕಿಟಕಿಗಳಿಗೆ ಕಾಣದ ಕಡೆ, ದೊಡ್ಡಪ್ಪ ನಿಂತಿದ್ದರು. ಬೆನ್ನು ಇವಳ ಕಡೆಗಿತ್ತು. ಒಂದು ಕೈಯನ್ನು ಗೋಡೆಗೆ ಆನಿಸಿದ್ದರು. ಇನ್ನೊಂದನ್ನು, ರಸ್ತೆ ದಾಟುವ ಮೊದಲು ಮಕ್ಕಳಿಗಾಗಿ ಚಾಚುವ ಹಾಗೆ, ಹಿಂದಕ್ಕೆ ಚಾಚಿದ್ದರು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ, ಆ ಕೈಯನ್ನು ಇಳಿಸಿರಲಿಲ್ಲ.